ಸುಗಲಾಬಾಯಿಯ ರಜೆ ಅರ್ಜಿ

ಜನವರಿ 19
ಎಂಟರ ಬಸ್ ಮತ್ತೆ ತಪ್ಪಿತು. ನ್ಯಾಲ್ಕಲ್‌ನಿಂದ ಜಹೀರಾಬಾದ್‌ಗೆ ಜೀಪಿನಲ್ಲಿ ನಿಂತೇ ಹೋದೆ. ಕಾಲೇಜಿನಲ್ಲಿ ಪ್ರೇಮಲಾ ಮೇಡಂ ಪ್ರಾಜೆಕ್ಟ್ ಹಂಚಿದರು. ನನ್ನದು — ಮೆಕ್ಸಿಕೊ ರಾಜಕೀಯ, 2009.
ಸಂಜೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತೆಲಂಗಾಣದ ಈ ಗಡಿ ಊರಿಗೆ ಸರ್ಪಂಚ್, ಪಂಚಾಯ್ತಿ ಅಧ್ಯಕ್ಷೆ, ಅವ್ವನೇ. ಗೆದ್ದು ಒಂದು ತಿಂಗಳು. ಕುರ್ಚಿಯಲ್ಲಿ ಕೂಡುವವನು ಉಪಸರ್ಪಂಚ್ ರೇವಪ್ಪ. ಅಂದರೆ ಅಪ್ಪ.

ಜನವರಿ 25, ಮಧ್ಯಾಹ್ನ
ಓದಿ ಮೈ ಉರಿಯಿತು. ಹೆಂಗಸರಿಗೂ ಟಿಕೆಟ್ ಕೊಡಬೇಕೆಂದು ಮೆಕ್ಸಿಕೊದಲ್ಲಿ ಕಾನೂನು. ಪಾರ್ಟಿಗಳು ಕೊಟ್ಟವು. ಜುಲೈಯಲ್ಲಿ ಎಲೆಕ್ಷನ್. ಸೆಪ್ಟೆಂಬರಿನಲ್ಲಿ ಸಂಸತ್ತು ಸೇರಿದ ಕೆಲವೇ ದಿನಕ್ಕೆ ಎಂಟು ಹೆಂಗಸರು ರಜೆ ಕೇಳಿದರು. ಅಲ್ಲಿ ಪ್ರತಿ ಸದಸ್ಯರಿಗೂ, ರಜೆ ಹೋದರೆ ಸೀಟಿನಲ್ಲಿ ಕೂಡಲು, ಒಬ್ಬ ಬದಲಿ. ಇವರ ಬದಲಿಗಳು ಗಂಡಸರು. ಒಬ್ಬಾಕೆಗೆ ಸ್ವಂತ ಗಂಡನೇ.
ಗೆಲ್ಲಲು ಹೆಂಗಸು ಬೇಕು. ಕೂಡಲು ಬೇಡ.
ಅವ್ವನಿಗೆ ಹೇಳಿದೆ. ಸೊಪ್ಪು ಸೋಸುತ್ತಾ ಕೇಳಿದಳು. "ಅವ್ರು ತಾವೇ ಕೇಳಿದ್ರೋ, ಕೇಳ್ಸಿದ್ರೋ?"

ಫೆಬ್ರವರಿ 9
ಅವ್ವ ಮೊದಲ ಸಲ ಸಭೆಗೆ ಹೋಗಿ ಬಾಯಿ ತೆರೆದಳು. ಶಾಲೆ ಹಿಂದಿನ ಬೆಲ್ಟ್ ಶಾಪ್ ಮುಚ್ಚಿಸಬೇಕು, ಲೈಸೆನ್ಸ್ ಇಲ್ಲದೆ ಹೆಂಡ ಮಾರುತ್ತಾರೆ ಎಂದಳಂತೆ. ಅದು ಅಪ್ಪನ ದೋಸ್ತನದು. ಹೆಂಗಸರು ಹೆಂಗಸರ ಹಾಗೆ ಇರಬೇಕು ಅಂತ ಅಪ್ಪನ ಗದರಿಕೆ. ವೋಟು ಕೇಳುವಾಗ ಅವ್ವನ ಫೋಟೊ ಗೋಡೆಗೋಡೆಗೂ ಅಂಟಿಸಿದವನು ಯಾರು?

ಫೆಬ್ರವರಿ 26, ಬೆಳಿಗ್ಗೆ 7
ಪೆನ್ನು ಹುಡುಕುವಾಗ ಅಪ್ಪನ ಚೀಲದಲ್ಲಿ ಕಾಗದ ಸಿಕ್ಕಿತು. ಸರ್ಪಂಚ್ ಸುಗಲಾಬಾಯಿಗೆ ಆರೋಗ್ಯ ಸರಿಯಿಲ್ಲ, ಆರು ತಿಂಗಳು ರಜೆ, ಅಲ್ಲಿಯತನಕ ಉಪಸರ್ಪಂಚ್ ನೋಡಿಕೊಳ್ಳಲಿ. ಕೆಳಗೆ ಅವ್ವನ ಸಹಿ. ಆ ಸಹಿಯ ಅಕ್ಷರವೂ ಅಪ್ಪನದು.
ರಜೆ ಕೇಳಿದ ಹೆಂಗಸರು ಎಂಟಲ್ಲ, ಒಂಬತ್ತು.
ಅವ್ವನಿಗೆ ಓದಿ ಹೇಳಿ, ಕಾಗದವನ್ನು ಮತ್ತೆ ಚೀಲದಲ್ಲಿಟ್ಟೆ. ಒಲೆ ಆರಿಸಿದಳು. ಸೀರೆ ಬದಲಿಸಿದಳು.

ಅದೇ ದಿನ, ಸಂಜೆ
ಆಫೀಸಿಗೆ ನಾನೂ ಹೋದೆ. ಅಪ್ಪ ಕುರ್ಚಿಯಲ್ಲಿ. ಸೆಕ್ರೆಟರಿ ಉಮಾಕಾಂತನ ಕೈಯಲ್ಲಿ ಅದೇ ಅರ್ಜಿ.
"ನನಗೇನೂ ಆಗಿಲ್ರಿ," ಅವ್ವ ಅವನಿಗೆ ಹೇಳಿದಳು. "ಇದು ನಾ ಬರ್ದಿದ್ದಲ್ಲ."
ಅವನು ಅಪ್ಪನ ಮುಖ ನೋಡಿದ. ಮನೆಯಲ್ಲಿ ಮಾತಾಡೋಣ ಅಂದ ಅಪ್ಪ.
"ಮನ್ಯಾಗ ಇಪ್ಪತ್ತೈದ ವರ್ಷ ಮಾತಾಡೀವಿ. ಏಳ್ರಿ."
ಅಪ್ಪ ಎದ್ದ. ಅವ್ವ ಕೂತು, ಅರ್ಜಿಯನ್ನು ಹರಿಯದೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೆಲ್ಟ್ ಶಾಪ್ ದೂರು ಬರೆಯಿರಿ ಅಂತ ಸೆಕ್ರೆಟರಿಗೆ ಹೇಳಿದಳು.

ಮಾರ್ಚ್ 3
ಅಪ್ಪ ಮಾತು ಬಿಟ್ಟಿದ್ದಾನೆ. ಊಟ ದೋಸ್ತನ ಮನೆಯಲ್ಲಿ. ಅಂಗಡಿ ಇನ್ನೂ ತೆರೆದೇ ಇದೆ. ದೂರು ಪೊಲೀಸರ ಹತ್ತಿರ ಕೂತಿದೆ. ನಾಚಿಕೆಯಿಲ್ಲ ಯಾರಿಗೂ.
ಪಂಚಾಯ್ತಿ ನಿರ್ಣಯ ಬರೆಯುವ ಠರಾವು ಬುಕ್ ಅವ್ವ ಮನೆಗೆ ತಂದಿದ್ದಾಳೆ. ತೆಲುಗು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಾಳೆ. ಎರಡು ತಿಂಗಳಲ್ಲಿ ಅವಳ ಹೆಸರಿನಲ್ಲಿ ಏನೇನು ಪಾಸಾಗಿದೆಯೋ.
"ಮಂಗಲಾ, ಬಾ ಇಲ್ಲಿ" — ಕರೆಯುತ್ತಿದ್ದಾಳೆ. ಏನೋ ಸಿಕ್ಕಿ—