ಸಣ್ಣದನ್ನು ಮೊದಲು ಕೇಳಿದ ತಪ್ಪಿಗೆ

ಎಂಜಿನಿಯರಿಂಗ್ ಸೀಟು ಹಂಚುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಇವತ್ತು ಬೆಳಿಗ್ಗೆ ಕಲಬುರಗಿಯ ನಿಮ್ಮ ಸಹಾಯ ಕೇಂದ್ರದಲ್ಲಿ ಸರದಿ ಕಾಯುತ್ತ ಗೋಡೆ ಓದಿದೆ. ಮಾತಾಡುವುದಕ್ಕಿಂತ ಓದುವುದು ನನಗೆ ಸುಲಭ. ಹದಿನಾಲ್ಕು ಸೂಚನಾ ಪತ್ರಗಳಿದ್ದವು, ಹದಿಮೂರು ಇಂಗ್ಲಿಷಿನಲ್ಲಿ. ಕನ್ನಡದಲ್ಲಿದ್ದದ್ದು ಒಂದೇ: 'ಗದ್ದಲ ಮಾಡಬಾರದು'. ನಮಗೆ ಅರ್ಥವಾಗಲೇಬೇಕಾದ ಸಂಗತಿ ಯಾವುದೆಂದು ನೀವು ಸರಿಯಾಗಿಯೇ ಗುರುತಿಸಿದ್ದೀರಿ. ಆದ್ದರಿಂದ ಗದ್ದಲ ಮಾಡದೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನನ್ನ ತಂಗಿ ಸಂಘಮಿತ್ರಾಳಿಗೆ ಸರ್ಕಾರಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುವಷ್ಟು ರ‍್ಯಾಂಕ್ ಇತ್ತು. ಆ ಸೀಟು ಅವಳಿಗೆ ಸಿಗಲಿಲ್ಲ. ಸಿಕ್ಕಿರುವ ಬೇರೆ ಸೀಟನ್ನು ಒಪ್ಪಲು ಇಲ್ಲವೇ ಬಿಡಲು ನಾಡಿದ್ದು ಸಂಜೆ ಐದರವರೆಗೆ ಅವಕಾಶ ಕೊಟ್ಟಿದ್ದೀರಿ.

ನಾವು ಆಳಂದ ತಾಲ್ಲೂಕಿನ ಭೂಸನೂರಿನವರು. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಕೂಲಿ, ಅಮ್ಮ ಭಾಗಮ್ಮ ಕಬ್ಬಿನ ಹೊಲಕ್ಕೆ ಹೋಗುತ್ತಾಳೆ. ನಮ್ಮ ಮನೆಯಿಂದ ಕಾಲೇಜಿಗೆ ಹೋದ ಮೊದಲನೆಯವಳು ನಾನು, ಅದೂ ಕನ್ನಡ ಎಂ.ಎ.ಗೆ. ನಿಮ್ಮ ಪಟ್ಟಿಯಲ್ಲಿ ಬರೀ ಕಂಪ್ಯೂಟರ್ ಸೈನ್ಸ್ ಇಲ್ಲ. ಅದರ ಬೆನ್ನಿಗೆ ಡಿಸೈನ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಕೃತಕ ಬುದ್ಧಿಮತ್ತೆ ಎಂದು ಹೆಸರುಗಳು ಅಂಟಿಕೊಂಡಿವೆ. ಯಾವುದರಲ್ಲಿ ಏನು ಕಲಿಸುತ್ತಾರೆ? ಒಂದಕ್ಕೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ? ಇಂಥ ಪ್ರಶ್ನೆಗಳನ್ನು ಊಟಕ್ಕೆ ಕೂತಾಗ ಚಿಕ್ಕಪ್ಪನನ್ನೋ ಅತ್ತೆಯ ಮಗನನ್ನೋ ಕೇಳಿ ಬಗೆಹರಿಸಿಕೊಳ್ಳುವ ಮನೆಗಳಿವೆ. ನಿಮ್ಮ ಜಾಲತಾಣವನ್ನು ಆ ಮನೆಗಳಿಗಾಗಿಯೇ ಕಟ್ಟಿದಂತಿದೆ.

ಕಾಲೇಜುಗಳ ಆಯ್ಕೆ ಪಟ್ಟಿಯನ್ನು ತುಂಬಿದವಳು ನಾನು. "ಅಕ್ಕಾ, ನೀನೇ ತುಂಬಿ ಬಾ. ನನಗಿಂತ ನಿನಗ ಹೆಚ್ಚು ತಿಳೀತದ" ಎಂದು ಮಿತ್ರಾ ಪಾಸ್‌ವರ್ಡ್ ಬರೆದ ಚೀಟಿ ಕೊಟ್ಟಳು. ಹೊರಡುವಾಗ ಅಮ್ಮ ಒಂದು ಮಾತು ಹೇಳಿದಳು.

"ಸಣ್ಣದು ಮೊದಲ ಕೇಳವ್ವ. ದೊಡ್ಡದಕ್ಕ ಮೊದಲೇ ಬಾಯಿ ಹಾಕಿದ್ರ ಕೊಡೋರು ಕೈ ಹಿಂದಕ್ಕ ತಗೋತಾರ."

ನಗಬೇಡಿ. ಇದು ಮೂಢನಂಬಿಕೆಯಲ್ಲ, ಅನುಭವ. ಅಪ್ಪ ಕಾರ್ಖಾನೆಯ ಮೇಸ್ತ್ರಿಯ ಮುಂದೆ ಇಡೀ ಹಂಗಾಮಿನ ಕೆಲಸವನ್ನು ಎಂದೂ ಕೇಳಿದವನಲ್ಲ. ಎರಡು ದಿನದ ಕೆಲಸ ಕೇಳುತ್ತಾನೆ. ಮೂರನೆಯ ದಿನ "ಹ್ಯಾಂಗೂ ಬಂದೀನಲ್ರಿ, ಇರ್ಲೇನ್ರಿ?" ಎನ್ನುತ್ತಾನೆ. ನಾನು ಹಾಸ್ಟೆಲ್ ಸೇರಿದ್ದೂ ಹಾಗೆಯೇ. ಮೊದಲು ವಾರ್ಡನ್ ಹತ್ತಿರ ಟ್ರಂಕು ಇಡಲು ಒಂದು ಮೂಲೆ ಕೇಳಿದ್ದೆ. ನಮಗೆ ಈವರೆಗೆ ಸಿಕ್ಕಿರುವುದೆಲ್ಲ ಹೀಗೆ ಕೇಳಿಯೇ ಸಿಕ್ಕಿದ್ದು.

ಆಳಂದದಲ್ಲಿ ಮುಜಮ್ಮಿಲನ ಝೆರಾಕ್ಸ್ ಅಂಗಡಿಯಲ್ಲಿ ಕೂತು, ನಮ್ಮೂರಿಗೆ ಹತ್ತಿರದ ಒಂದು ಹೊಸ ಖಾಸಗಿ ಕಾಲೇಜನ್ನು ಮೊದಲು ಬರೆಸಿದೆ. ಇನ್ನೆರಡು ಸಾಧಾರಣ ಕಾಲೇಜುಗಳ ಕೆಳಗೆ, ನಾಲ್ಕನೆಯದಾಗಿ, ಮಿತ್ರಾಳ ಮನಸ್ಸಿನಲ್ಲಿದ್ದ ಸರ್ಕಾರಿ ಕಾಲೇಜು. ಟೈಪು ಮಾಡುತ್ತಿದ್ದ ಮುಜಮ್ಮಿಲ ಕೈ ತಡೆದ.

"ಅಕ್ಕಾ, ದೊಡ್ಡದು ಕೆಳಗ ಇಟ್ಟೀರಲ್ರಿ?"

"ಇರಲಿ. ಮೊದಲ ಒಂದು ಗ್ಯಾರಂಟಿ ಆಗ್ಲಿ. ಆಮ್ಯಾಲ ದೊಡ್ಡದು ನೋಡ್ತಾರ."

"ನಿಮ್ಮ ಮರ್ಜಿರಿ. ಎಂ.ಎ. ಮಾಡಿದೋರ ಮುಂದ ನಾ ಏನ್ ಹೇಳ್ಲಿ."

ನಿಮ್ಮ ಯಂತ್ರ ನಮ್ಮ ಮೇಸ್ತ್ರಿಯಂತಲ್ಲ ಎಂದು ನನಗೆ ಗೊತ್ತಿರಲಿಲ್ಲ. ಅದು ಪಟ್ಟಿಯನ್ನು ಮೇಲಿನಿಂದ ನೋಡುತ್ತದೆ, ರ‍್ಯಾಂಕಿಗೆ ದಕ್ಕುವ ಮೊದಲ ಕಾಲೇಜು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ. ಕೆಳಗೆ ಇನ್ನೂ ಒಳ್ಳೆಯದು ಇದೆಯೇ ಎಂದು ನೋಡುವುದು ಅದರ ಕೆಲಸವಲ್ಲ. ಫಲಿತಾಂಶದ ದಿನ ನಾನೊಬ್ಬಳೇ ನೋಡಿದ ಪರದೆಯ ಮೇಲೆ ಅಭಿನಂದನೆ ಬಂತು. ಮೊದಲ ಆಯ್ಕೆಯೇ ದೊರೆತಿದೆಯಂತೆ. ಮೊದಲ ಆಯ್ಕೆ ದೊರೆತವರಿಗೆ ಎರಡನೆಯ ಸುತ್ತು ಇಲ್ಲವಂತೆ. ಬೇಡವಾದರೆ ಪೂರ್ತಿ ಹೊರಗೆ. ಬೇಡದ್ದನ್ನು ಕೊಟ್ಟು, ಶುಭಾಶಯ ಹೇಳಿ, ಬಾಗಿಲು ಹಾಕಿಕೊಳ್ಳುವ ಇಂಥ ಸೌಜನ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಿತ್ರಾಳನ್ನು ಕರೆದುಕೊಂಡು ಆ ಕಾಲೇಜು ನೋಡಿ ಬಂದೆ. ಕಂಪ್ಯೂಟರ್ ಕೋಣೆಗೆ ಬೀಗ ಇತ್ತು. "ಕೀಲಿ ಸರ್ ಹಂತ್ಯಾಕ ಅದರಿ. ಅವರು ವಾರಕ್ಕ ಎರಡು ದಿನ ಬರ್ತಾರ" ಎಂದ ಕಾವಲುಗಾರ. ಮಿತ್ರಾ ಕಿಟಕಿಗೆ ಹಣೆ ಹಚ್ಚಿ, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದ ಯಂತ್ರಗಳನ್ನು ಬಹಳ ಹೊತ್ತು ನೋಡಿದಳು. ಮರಳಿ ಬರುವಾಗ ಬಸ್ಸಿನಲ್ಲಿ ಹೇಳಿದ್ದು ಇಷ್ಟೇ: "ನನ್ನ ರ‍್ಯಾಂಕಿಗೆ ಇಷ್ಟೇ ಬರೋದಿತ್ತೇನೋ ಅಕ್ಕಾ. ಇನ್ನೊಂದೀಟು ಓದಬೇಕಿತ್ತು ನಾ."

ಮರುದಿನ ನೀವು ಪ್ರತಿ ಕಾಲೇಜಿನಲ್ಲಿ ಸೀಟು ಪಡೆದ ಕೊನೆಯ ರ‍್ಯಾಂಕುಗಳನ್ನು ಪ್ರಕಟಿಸಿದಿರಿ. ಸರ್ಕಾರಿ ಕಾಲೇಜಿನ ಕಂಪ್ಯೂಟರ್ ಸೈನ್ಸಿನಲ್ಲಿ ಕೊನೆಗೆ ಸೀಟು ಪಡೆದವರು ನನ್ನ ತಂಗಿಗಿಂತ ಆರು ನೂರು ರ‍್ಯಾಂಕ್ ಹಿಂದಿದ್ದರು.

ಅದನ್ನೇ ಹಿಡಿದುಕೊಂಡು ಇವತ್ತು ನಿಮ್ಮ ಕೇಂದ್ರಕ್ಕೆ ಬಂದಿದ್ದೆ. ಮೇಜಿನ ಆಚೆಯ ನಿಮ್ಮ ನೌಕರರು ಕಾಗದ ನೋಡಿ, "ನೀವೇ ಬರದೀರಿ, ಬರದಿದ್ದೇ ಬಂದದ. ಇನ್ನೇನ್ ಬೇಕ್ರಿ?" ಎಂದರು. ನಾನು ಏನು ಓದಿದ್ದೇನೆಂದು ಕೇಳಿದರು. ಹೇಳಿದೆ. "ಹಂಗಾರ ತಿಳೀಲಾರದ್ದು ಸಹಜ ಬಿಡ್ರಿ" ಎಂದು ಹಿಂದಿನವರನ್ನು ಕರೆದರು. ಹಿಂದೆ ನಿಂತಿದ್ದವರು ಜೇವರ್ಗಿಯ ಹುಲೆಪ್ಪ, ಕೈಯಲ್ಲಿ ಮಗಳ ಪಟ್ಟಿ. "ನಾವೂ ಹಂಗೇ ಮಾಡೀವಿ ತಂಗಿ," ಎಂದರು ಮೆಲ್ಲಗೆ. "ಕೇಳೋದಕ್ಕೂ ಒಂದು ರೀತಿ ಇರ್ತದಲ್ಲ?"

ಆ ರೀತಿ ನಮ್ಮದು, ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಆಳಂದ, ಅಫಜಲಪುರ, ಜೇವರ್ಗಿಯ ಎಷ್ಟು ಮಕ್ಕಳು ತಮ್ಮ ರ‍್ಯಾಂಕಿಗಿಂತ ಕೆಳಗಿನದನ್ನು ಮೊದಲು ಬರೆದಿದ್ದಾರೆಂಬ ಲೆಕ್ಕ ನಿಮ್ಮ ಯಂತ್ರದೊಳಗೇ ಇದೆ. ಒಮ್ಮೆಯಾದರೂ ತೆಗೆದು ನೋಡಿದ್ದೀರಾ? 'ಹೆಚ್ಚು ಬೇಕಾದದ್ದನ್ನು ಮೊದಲು ಬರೆಯಿರಿ, ಅದು ಸಿಗದಿದ್ದರೆ ಮಾತ್ರ ಮುಂದಿನದನ್ನು ನೋಡುತ್ತೇವೆ' ಎಂಬ ಒಂದು ಸಾಲನ್ನು ಕನ್ನಡದಲ್ಲಿ ಹಾಕಲು ಯಾವ ಇಲಾಖೆಯ ಒಪ್ಪಿಗೆ ಬೇಕಿತ್ತು? ಈ ಪದ್ಧತಿ ಗೊತ್ತಿರುವವರಿಗೆ ಅದು ನ್ಯಾಯವೆಂದೇ ಕಾಣುತ್ತದೆ. ಗೊತ್ತಿಲ್ಲದವರ ಸೀಟು ಎಲ್ಲಿಗೆ ಹೋಯಿತು? ಗೊತ್ತಿದ್ದವರಿಗೆ.

ಈ ಸಲ ದೊಡ್ಡದನ್ನೇ ಮೊದಲು ಕೇಳುತ್ತೇನೆ. ನಾಡಿದ್ದಿನ ಗಡುವನ್ನು ತಡೆಯಿರಿ. ಹೀಗೆ ತಪ್ಪಿದವರಿಗೆ ಪಟ್ಟಿಯನ್ನು ತಿದ್ದಿ ಎರಡನೆಯ ಸುತ್ತಿಗೆ ಬರಲು ಬಿಡಿ. ಆ ಒಂದು ಸಾಲನ್ನು ಕನ್ನಡದಲ್ಲಿ, ಪಟ್ಟಿಯ ನೆತ್ತಿಯ ಮೇಲೆ ಹಾಕಿ. ಇದಕ್ಕಿಂತ ಸಣ್ಣ ಬೇಡಿಕೆ ನನ್ನ ಬಳಿ ಇಲ್ಲ.

ಮಿತ್ರಾ ಈಗ ಮನೆಯೊಳಗೆ ಕೂತು ಪ್ರವೇಶಕ್ಕೆ ಬೇಕಾದ ಕಾಗದಗಳನ್ನು ಜೋಡಿಸುತ್ತಿದ್ದಾಳೆ. ತನ್ನ ರ‍್ಯಾಂಕೇ ಸಾಲಲಿಲ್ಲವೆಂದು ಅವಳು ಇನ್ನೂ ನಂಬಿದ್ದಾಳೆ. ಮೂರು ದಿನದಿಂದ ನಾನು ಆ ನಂಬಿಕೆಯ ಮರೆಯಲ್ಲಿ ಸುಮ್ಮನಿದ್ದೇನೆ. ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮೊದಲು ಅವಳ ಕೈಗೆ ಕೊಡುತ್ತೇನೆ. ಓದಿದ ಮೇಲೆ ಸೀಟು ಒಪ್ಪುವುದೋ ಬಿಡುವುದೋ ಅವಳೇ ಹೇಳಲಿ. ನನ್ನ ಜೊತೆ ಮಾತು ಬಿಟ್ಟರೂ ಸರಿ.

ಇಂತಿ,
ತಂಗಿಯ ಪರವಾಗಿ ಕೇಳಲು ಹೋಗಿ ಕೆಡಿಸಿದ
ಮಹಾನಂದಾ ಧರ್ಮಣ್ಣ
ಭೂಸನೂರ, ಆಳಂದ ತಾಲ್ಲೂಕು