ಗೋಡೆಯ ಮೇಲಿನ ಕೆಂಪು ಬಕೆಟ್ಟು

೯ ಮಾರ್ಚ್, ಶನಿವಾರ

ಪ್ರೀತಿಯ ತಮ್ಮನಿಗೆ,

ಅಣ್ಣನ ಆಶೀರ್ವಾದಗಳು. ಇಲ್ಲಿ ನಾನು, ನಿನ್ನ ಅತ್ತಿಗೆ, ನನ್ನ ಸೊಂಟನೋವು ಮೂವರೂ ಕ್ಷೇಮ. ನೀನು, ನಿನ್ನ ಹೆಂಡತಿ, ಮಗಳು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಎರಡು ಕಾಗದ ಬಂದವು, ಒಂದಕ್ಕೂ ಉತ್ತರ ಬರೆಯಲಿಲ್ಲ. ಫೋನು ಮಾಡಿದಾಗಲೂ ಎರಡು ಮಾತಾಡಿ ಅತ್ತಿಗೆಯ ಕೈಗೆ ಕೊಟ್ಟುಬಿಟ್ಟೆ. 'ಅಣ್ಣನಿಗೆ ಏನಾಗಿದೆ' ಎಂದು ಕೇಳಿದೆಯಂತೆ. 'ಏನೂ ಆಗಿಲ್ಲ, ಊರಿಗೆಲ್ಲ ಬಾಗಿಲು ಮಾಡಿ ಮಾಡಿ ಬಾಯಿಗೂ ಒಂದು ಮಾಡ್ಕೊಂಡಿದಾರೆ' ಎಂದಳಂತೆ. ಮೂವತ್ತು ವರ್ಷದಿಂದ ಬಡಗಿಯ ಹೆಂಡತಿ, ಅವಳಿಗೆ ಅಷ್ಟು ಹೇಳುವ ಹಕ್ಕಿದೆ.

ಬರೆಯದೆ ಇದ್ದದ್ದಕ್ಕೆ ಕಾರಣ ನಿನ್ನ ಮನೆಯಲ್ಲಿ ಮಾಡಿದ ಊಟ. ಮುಖ ಊದಿಸಿಕೊಳ್ಳಬೇಡ, ಅಡುಗೆ ಚೆನ್ನಾಗಿಯೇ ಇತ್ತು. ಊಟದ ನಡುವೆ ನೀನು ಮಗಳಿಗೆ ಅದೇ ಹಳೆಯ ಕಥೆ ಹೇಳಿದೆಯಲ್ಲ. ನಿನಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಒಂದು ಭಾನುವಾರ ಮೈದಾನಕ್ಕೆ ತಡವಾಗಿ ಬಂದೆ. ಕೋಚ್ ಆಗಿದ್ದ ಅಣ್ಣ ನಿನ್ನ ಒಂಬತ್ತನೇ ನಂಬರಿನ ಅಂಗಿಯನ್ನು ಮಾಂಸದಂಗಡಿಯವರ ಮಗನಿಗೆ ತೊಡಿಸಿ, ನಿನಗೆ ಮೂರನೇ ನಂಬರು ಕೊಟ್ಟು ಹಿಂದೆ ಕಾವಲಿಗೆ ನಿಲ್ಲಿಸಿದ. ಆ ಪುಣ್ಯಾತ್ಮ ಆವತ್ತು ಚೆಂಡೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಒದ್ದ. ಆಟ ಮುಗಿಯುವ ಹೊತ್ತಿಗೆ ಮಳೆ. ಕನ್ನಡಕದ ಹಿರಿಯರೊಬ್ಬರು ನೆನೆಯುತ್ತ ನಿಂತಿದ್ದರು, ನೀನು ಕೊಡೆ ಹಿಡಿದು ಬಸ್ ಸ್ಟಾಪಿನವರೆಗೂ ಬಿಟ್ಟು ಬಂದೆ. ದಾರಿಯಲ್ಲಿ ಅವರು 'ನಿಮ್ಮ ಒಂಬತ್ತನೇ ನಂಬರಿನವನು ಯಾವಾಗ್ಲೂ ಹೀಗೇ ಆಡ್ತಾನಾ?' ಎಂದರು. 'ಇಲ್ಲ ಸಾರ್, ಇವತ್ತು ಅವನ ಗ್ರಹಚಾರ ಸರಿಯಿಲ್ಲ' ಎಂದೆ ನೀನು.

ನಿನ್ನ ಮಗಳು ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಳು. ಆಮೇಲೆ, 'ಅಪ್ಪ, ನೀನು ಅಷ್ಟು ಚೆನ್ನಾಗಿ ಆಡ್ತಿದ್ರೆ ದೊಡ್ಡ ಕ್ಲಬ್ಬಿನವರು ಯಾಕೆ ಕರ್ಕೊಂಡು ಹೋಗ್ಲಿಲ್ಲ?' ಎಂದು ಕೇಳಿದಳು. ನೀನು, 'ನಮ್ಮನ್ನ ನೋಡೋಕೆ ಯಾರು ಬರ್ತಿದ್ರು ಪುಟ್ಟಿ' ಎಂದು ಅವಳ ತಟ್ಟೆಗೆ ಇನ್ನಷ್ಟು ಬಡಿಸಿದೆ. ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆಯಲು ಹೋದೆ. ಅವತ್ತಿನಿಂದ ಪೆನ್ನು ಹಿಡಿದಾಗಲೆಲ್ಲ ಆ ಮಾತೇ ಎದುರಿಗೆ ಬಂದು ಕೂರುತ್ತದೆ.

ಈಗ ಕ್ಲಬ್ಬಿನ ಸುದ್ದಿ. ಇನ್ನು ನಾಲ್ಕು ಪಂದ್ಯ ಉಳಿದಿವೆ. ಕೊನೆಯ ಮೂರು ತಂಡಗಳು ಕೆಳಗಿನ ವಿಭಾಗಕ್ಕೆ ಇಳಿಯುತ್ತವೆ, ನಾವು ಕೊನೆಯಿಂದ ನಾಲ್ಕನೆಯವರು. ಅಷ್ಟಾದರೂ ಇರುವುದು ಗುಂಡುಸೂಜಿಯಿಂದ. ಅವನನ್ನು ನೀನು ನೋಡಿಲ್ಲ. ಹತ್ತೊಂಬತ್ತು ವರ್ಷ, ಮೈ ಸಣ್ಣಗೆ, ತಲೆತುಂಬ ಗುಂಡಗೆ ಕೂದಲು; ಹೆಸರಿಟ್ಟವರ ತಪ್ಪೇನಿಲ್ಲ. ಬೆಳಿಗ್ಗೆ ಸೈಕಲ್ಲಿನಲ್ಲಿ ಬ್ರೆಡ್ ಹಂಚುತ್ತಾನೆ, ಸಂಜೆ ಅಭ್ಯಾಸಕ್ಕೆ ಬರುತ್ತಾನೆ. ಅವನ ತಾಯಿ ವಾರವೆಲ್ಲ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆದು, ಭಾನುವಾರ ನಮ್ಮ ಗೇಟಿನಲ್ಲಿ ಟಿಕೆಟ್ ಹರಿಯುತ್ತಾಳೆ. ಆಗ ಅಪ್ಪ ಕೂರುತ್ತಿದ್ದ ಅದೇ ಸ್ಟೂಲು. ಈ ವರ್ಷ ನಾವು ಹೊಡೆದ ಗೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವನವೇ. ಚೆಂಡು ಅವನ ಕಾಲಿಗೆ ಬಂದರೆ ಬೆಂಚಿನಲ್ಲಿ ಕೂತವರೆಲ್ಲ ತಮಗೇ ಗೊತ್ತಿಲ್ಲದೆ ಎದ್ದು ನಿಲ್ಲುತ್ತಾರೆ. ನಿನ್ನ ನಂತರ ಹಾಗೆ ಎದ್ದು ನಿಂತದ್ದು ನಾನು ನೋಡಿರಲಿಲ್ಲ.

ನಾಳೆ ದೊಡ್ಡ ಕ್ಲಬ್ಬಿನವರೊಬ್ಬರು ಅವನನ್ನು ನೋಡಲು ಬರುತ್ತಾರೆಂದು ಸುದ್ದಿ. ಗುರುವಾರ ಅಧ್ಯಕ್ಷರು ತಮ್ಮ ಪೈಪು-ನಲ್ಲಿ ಅಂಗಡಿಗೆ ನನ್ನನ್ನು ಕರೆಸಿದರು. 'ನೋಡಿ ಮೇಷ್ಟ್ರೇ, ಹೋದ ವರ್ಷ ಗೋಲ್‌ಕೀಪರನ್ನ ಮಾರಿದ್ವಿ. ಅದಕ್ಕೆ ಮುಂಚೆ ಒಂದೇ ತಿಂಗಳಲ್ಲಿ ಇಬ್ಬರನ್ನ. ಆಮೇಲೆ ಸಾಲಾಗಿ ಆರು ಪಂದ್ಯ ಸೋತ್ವಿ. ಬಿತ್ತೋರು ನಾವು, ಕುಯ್ಕೊಂಡು ಹೋಗೋರು ಅವರು. ಈ ಸಲ ಬೇಡ. ಬಕೆಟ್ಟು ಇಡ್ಸಿ' ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಪಾಪ, ಆ ಮನುಷ್ಯ ಮಗಳ ಮದುವೆಗಿಂತ ಹೆಚ್ಚು ಓಡಾಡಿರುವುದು ಈ ಕ್ಲಬ್ಬಿಗಾಗಿ.

ಬಕೆಟ್ಟು ಎಂದರೆ ನಿನಗೆ ಗೊತ್ತಿಲ್ಲ. ಗೇಟಿನ ಪಕ್ಕದ ಮೋಟುಗೋಡೆಯ ಮೇಲೆ ಕೆಲವು ಭಾನುವಾರ ಕೆಂಪು ಬಕೆಟ್ಟು ಕವುಚಿಟ್ಟಿರುತ್ತಿತ್ತು, ನೆನಪಿದೆಯೇ? ತೊಳೆದು ಒಣಗಲಿಕ್ಕೆ ಇಟ್ಟದ್ದೆಂದು ನೀವೆಲ್ಲ ಅಂದುಕೊಂಡಿದ್ದಿರಿ. ಅದು ಹಳೆಯ ಅಧ್ಯಕ್ಷರು ಮಾಡಿದ ಏರ್ಪಾಡು. ಗುರುತಿಲ್ಲದವರು ಪುಸ್ತಕ ಪೆನ್ನು ಹಿಡಿದು ಒಳಗೆ ಬಂದರೆ ಗೇಟಿನಲ್ಲಿ ಕೂತವರು ಬಕೆಟ್ಟನ್ನು ಗೋಡೆಗೆ ಏರಿಸಬೇಕು. ಏಕೆ ಎಂದು ಅವರಿಗೆ ಹೇಳುವುದಿಲ್ಲ. ಅದನ್ನು ನೋಡಿದ ಕೋಚ್ ಒಳ್ಳೆಯ ಆಟಗಾರನನ್ನು ಬಚ್ಚಿಡಬೇಕು. ಅಂಗಿ ಬದಲಿಸಿ ಹಿಂದೆ ನಿಲ್ಲಿಸಬೇಕು, ಇಲ್ಲವೇ ಕಾಲುನೋವೆಂದು ಕೂರಿಸಬೇಕು. ಬಂದವರು ಒಂಬತ್ತನೇ ನಂಬರನ್ನು ನೋಡಿ ಆಕಳಿಸಿ ಎದ್ದು ಹೋಗಬೇಕು.

ಈಗ ನಿನಗೆ ಅರ್ಥವಾಗಿರಬೇಕು. ನೀನು ಆ ಭಾನುವಾರ ತಡವಾಗಿ ಬಂದೆ ನಿಜ, ಆದರೆ ಅದು ಶಿಕ್ಷೆಯಲ್ಲ. ಗೋಡೆಯ ಮೇಲೆ ಬಕೆಟ್ಟಿತ್ತು. ನೀನು ಕೊಡೆ ಹಿಡಿದ ಆ ಕನ್ನಡಕದವರು ನಿನ್ನನ್ನು ನೋಡಲೆಂದೇ ಎರಡು ಬಸ್ಸು ಬದಲಿಸಿ ಬಂದಿದ್ದರು. ಅಪ್ಪನನ್ನು ತಪ್ಪು ತಿಳಿಯಬೇಡ. ಬಕೆಟ್ಟು ಏರಿಸಿದ್ದು ಅವರೇ, ಆದರೆ ಅದರ ಅರ್ಥ ಗೊತ್ತಿಲ್ಲದೆಯೇ ತೀರಿಕೊಂಡರು. ಗೊತ್ತಿದ್ದವನು ನಾನು.

ಈ ವರ್ಷವೂ ಎರಡು ಸಲ ಬಕೆಟ್ಟು ನೋಡಿ ಗುಂಡುಸೂಜಿಯನ್ನು ಹಿಂದೆ ನಿಲ್ಲಿಸಿದ್ದೇನೆ. ಸುಳ್ಳು ಹೇಳುವುದಿಲ್ಲ. ನಿನ್ನ ಮನೆಯ ಊಟಕ್ಕೆ ಬರುವ ಮುಂಚೆ ಅದು. ನಾಳೆ ಹಾಗೆ ಮಾಡುವುದಿಲ್ಲ. ಅವನಿಗೂ ಮುಂದೆ ಒಬ್ಬ ಮಗಳು ಹುಟ್ಟಬಹುದು. ಅವಳು ಕೇಳಿದಾಗ ಅವನು ಏನು ಹೇಳಬೇಕು? ಇದನ್ನು ಆಟಕ್ಕೆ ಮುಂಚೆಯೇ ಬರೆದಿಡುತ್ತಿದ್ದೇನೆ. ನಾಳೆ ಅಧ್ಯಕ್ಷರ ಮುಖ ನೋಡಿ ಮನಸ್ಸು ಕರಗಿದರೆ, ನಿನಗೆ ಬರೆದ ಮಾತು ಅಡ್ಡ ನಿಲ್ಲಲಿ.

ಸೋಮವಾರ ಮಧ್ಯಾಹ್ನ

ಮನಸ್ಸು ಕರಗಲಿಲ್ಲ. ಹೇಗಾಯಿತೆಂದು ಕೇಳು.

ಆಟ ಶುರುವಾಗಲು ಹತ್ತು ನಿಮಿಷವಿರುವಾಗ ಬೂದುಬಣ್ಣದ ಕೋಟಿನ ಹೆಂಗಸೊಬ್ಬರು ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಒಳಗೆ ಬಂದರು. ಈಗ ಹೆಂಗಸರೂ ಈ ಕೆಲಸಕ್ಕೆ ಬರುತ್ತಾರೆ, ಒಳ್ಳೆಯದೇ. ಗುಂಡುಸೂಜಿಯ ತಾಯಿ ಅವರ ಟಿಕೆಟ್ ಹರಿದುಕೊಟ್ಟು, ಸೆರಗಿನಿಂದ ಬಕೆಟ್ಟಿನ ಧೂಳು ಒರೆಸಿ, ಅಂದವಾಗಿ ಗೋಡೆಯ ಮೇಲೆ ಕವುಚಿಟ್ಟಳು. ಸ್ವಂತ ಮಗನ ದಾರಿಗೆ ಅಡ್ಡ ಇಡುತ್ತಿದ್ದೇನೆಂದು ಅವಳಿಗೇನು ಗೊತ್ತು. ನನಗೆ ತಡೆಯಲಾಗಲಿಲ್ಲ. ಮೈದಾನದ ಈ ತುದಿಯಿಂದ ಆ ತುದಿಗೆ, ನಟ್ಟನಡುವೆಯೇ ನಡೆದುಹೋದೆ. ರೆಫರಿ ಪೀಪಿ ಊದಿ ಕೂಗಿದ, ಊದಲಿ ಎಂದುಕೊಂಡೆ. ಗೋಡೆಯ ಮೇಲಿಂದ ಬಕೆಟ್ಟು ತೆಗೆದುಕೊಂಡು ವಾಪಸು ಬಂದು, ಗೆರೆಯ ಪಕ್ಕದಲ್ಲಿ ಕವುಚಿ ಹಾಕಿ ಅದರ ಮೇಲೆ ಕೂತೆ. ತೊಂಬತ್ತು ನಿಮಿಷವೂ ಏಳಲಿಲ್ಲ. ಸೊಂಟ ಹಿಡಿದುಕೊಂಡದ್ದು ಬೇರೆ ಮಾತು.

ಗುಂಡುಸೂಜಿ ಒಂಬತ್ತನೇ ನಂಬರಿನಲ್ಲಿ, ಅವನ ಜಾಗದಲ್ಲೇ ಆಡಿದ. ಮೊದಲರ್ಧ ಏನೇನೂ ಚೆನ್ನಾಗಿರಲಿಲ್ಲ. ಒಂದು ಸಲ ಕಂಬಕ್ಕೆ ಹೊಡೆದ, ಒಂದು ಸಲ ತನ್ನ ಕಾಲಿಗೆ ತಾನೇ ಎಡವಿ ಬಿದ್ದ. ಅಧ್ಯಕ್ಷರು ಸ್ಟ್ಯಾಂಡಿನಿಂದ ನನ್ನ ಬೆನ್ನನ್ನೇ ನೋಡುತ್ತಿದ್ದಾರೆಂದು ಬೆನ್ನಿಗೇ ಗೊತ್ತಾಗುತ್ತಿತ್ತು. ಎರಡನೇ ಅರ್ಧದಲ್ಲಿ ಬಲಗಡೆ ಚೆಂಡು ಸಿಕ್ಕಿತು. ಇಬ್ಬರ ನಡುವೆ ದಾರವೂ ತೂರದಂಥ ಜಾಗ. ಅವನು ತೂರಿಹೋದ. ಗೋಲು ಬಿದ್ದಾಗ ಕೋಟಿನ ಹೆಂಗಸು ಏನನ್ನೂ ಬರೆಯಲಿಲ್ಲ, ಪುಸ್ತಕ ಮುಚ್ಚಿ ಸುಮ್ಮನೆ ನೋಡುತ್ತ ಕೂತರು. ಒಂದು-ಒಂದಕ್ಕೆ ಆಟ ಮುಗಿಯಿತು. ಆಕೆ ಕೆಳಗೆ ಬಂದು, 'ಇದೇ ತಿಂಗಳು ಬೇಕು. ಕಾಗದ ಕಳಿಸ್ತೀವಿ' ಎಂದರು.

ಬೇಡ ಎಂದವನು ಗುಂಡುಸೂಜಿಯೇ. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಒಂದು ಬೂಟು ಬಿಚ್ಚಿ, ಇನ್ನೊಂದು ಬಿಚ್ಚದೆ ಕೂತಿದ್ದ.

'ನಾನು ಹೋದ್ರೆ ನೀವೆಲ್ಲ ಕೆಳಗಿಳೀತೀರ ಮೇಷ್ಟ್ರೇ.'

'ಇಳೀಬಹುದು. ಇಳಿದೋರಿಗೆ ಹತ್ತೋಕೂ ಬರುತ್ತೆ.'

'ಊರೋರು ಬಾಯಿಗೆ ಬಂದ ಹಾಗೆ ಬೈತಾರೆ.'

'ನನ್ನನ್ನ ಬೈತಾರೆ. ಅದು ನನ್ನ ಕೆಲಸದ ಒಂದು ಭಾಗ. ನೀನು ಇನ್ನೊಂದು ಬೂಟು ಬಿಚ್ಚು.'

ಬಿಚ್ಚಿದ. 'ಹಾಗಾದ್ರೆ ಹೋಗ್ತೀನಿ' ಎಂದ.

ಅವನ ತಾಯಿಗೆ ಬಕೆಟ್ಟಿನ ವಿಷಯ ನಾನೇ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದು ಬೇಡ ಎನಿಸಿತು. ಅವಳು ಹರಿದ ಟಿಕೆಟ್ಟುಗಳನ್ನು ಗುಡಿಸುತ್ತಿದ್ದವಳು ನಿಂತಳು. 'ಇದಕ್ಕೆ ಮುಂಚೆ ಎಷ್ಟು ಸಲ ಇಟ್ಟಿದೀನಿ ನಾನು?' ಎಂದಳು. ಎರಡು ಸಲ ಎಂದೆ. ಉಳಿದ ಚೂರುಗಳನ್ನೂ ಗುಡಿಸಿ ಒಂದು ಮೂಲೆಗೆ ತಂದಳು. ಬೈದಿದ್ದರೆ ಹಗುರವಾಗುತ್ತಿತ್ತು. ಕೊನೆಗೆ, 'ಆ ಬಕೆಟ್ಟು ನನಗೆ ಕೊಡಿ, ಬಟ್ಟೆ ನೆನೆಹಾಕೋಕಾಗುತ್ತೆ' ಎಂದು ತೆಗೆದುಕೊಂಡು ಮನೆಗೆ ಹೋದಳು.

ಇವತ್ತು ಬೆಳಿಗ್ಗೆ ಸಮಿತಿ ಸೇರಿತು. ಅಧ್ಯಕ್ಷರು ನನ್ನ ಕಡೆ ತಿರುಗಿಯೂ ನೋಡದೆ ಮಾತಾಡಿದರು. ಒಳ್ಳೆಯವರನ್ನೆಲ್ಲ ಕೊಟ್ಟು ಕೊಟ್ಟು ನಾವು ಬೇರೆಯವರ ತೋಟಕ್ಕೆ ಸಸಿ ಬೆಳೆಸುವವರಾದೆವು ಎಂದರು. ನಾನು ಎದ್ದು ನಿಂತು ಹೇಳಿದೆ, 'ಆಗ್ಲಿ ಸ್ವಾಮಿ. ಮಾರೋದು ನನಗೂ ಸಂಕಟಾನೇ. ಆದ್ರೆ ಎಲ್ಲರ ಎದುರಿಗೆ ಮಾರೋಣ, ಅವನನ್ನ ಕೇಳಿ ಮಾರೋಣ. ಬಚ್ಚಿಡೋದು ಕಳ್ಳತನ. ಬಕೆಟ್ಟು ಇನ್ನು ಈ ಮೈದಾನಕ್ಕೆ ಬಂದ್ರೆ ನಾನು ಬರಲ್ಲ.' ಕೊನೆಗೆ ಅಧ್ಯಕ್ಷರು, 'ಬೀಳ್ಸೋರು ನೀವು, ಎತ್ತೋರೂ ನೀವೇ ಆಗ್ಬೇಕು' ಎಂದು ಪೆನ್ನಿಗೆ ಕೈ ಚಾಚಿದರು. ಎತ್ತುತ್ತೇನೆ ಎಂದೆ. ಗುಂಡುಸೂಜಿಯನ್ನು ಬಿಟ್ಟುಕೊಡುವ ತೀರ್ಮಾನಕ್ಕೆ ಸಹಿಯಾಯಿತು.

ಇನ್ನು ಮೂರು ಪಂದ್ಯ. ಎರಡು ಗೆದ್ದರೆ ಉಳಿಯುತ್ತೇವೆ. ಗುಂಡುಸೂಜಿ ಇಲ್ಲದೆ ಹೇಗೆ ಎಂದು ಊರೆಲ್ಲ ಕೇಳುತ್ತಿದೆ. ಚೆಂಡು ಅವನೊಬ್ಬನಿಗೇ ಕೊಟ್ಟು ಮಿಕ್ಕ ಹತ್ತು ಜನ ಸೋಮಾರಿಗಳಾಗಿದ್ದರು. ನಾಳೆಯಿಂದ ಬೆಳಿಗ್ಗೆಯೂ ಅಭ್ಯಾಸ, ಸಂಜೆಯೂ ಅಭ್ಯಾಸ. ಎರಡು ಬಾಗಿಲಿನ ಕೆಲಸ ಮುಂದಕ್ಕೆ ಹಾಕಿದ್ದೇನೆ. ಬಿದ್ದರೆ ಮೀಸೆ ಮಣ್ಣಾಗಲಿಲ್ಲ ಎಂದು ಹೇಳಿಕೊಂಡು ತಿರುಗುವವನಲ್ಲ ನಾನು. ಮಣ್ಣಾಯಿತು ಎಂದು ಒಪ್ಪಿಕೊಂಡು, ಕೆಳಗಿನ ವಿಭಾಗದ ಮೊದಲ ದಿನ ಎಲ್ಲರಿಗಿಂತ ಮುಂಚೆ ಮೈದಾನದಲ್ಲಿರುತ್ತೇನೆ.

ನಿನ್ನ ಸಿಟ್ಟು ಇಷ್ಟರಲ್ಲಿ ನೆತ್ತಿಗೇರಿರುತ್ತದೆ. ಏರಲಿ. ಕ್ಷಮಿಸು ಎಂದು ಕಾಗದದಲ್ಲಿ ಬರೆದು ಜಾರಿಕೊಳ್ಳುವುದಿಲ್ಲ. ಈ ಪಂದ್ಯಗಳು ಮುಗಿದ ಮರುದಿನ ಬಸ್ಸು ಹತ್ತಿ ನಿನ್ನ ಮನೆ ಬಾಗಿಲಿಗೆ ಬರುತ್ತೇನೆ, ನಿನ್ನ ಮಗಳ ಎದುರಿಗೇ ಕಥೆಯ ಉಳಿದರ್ಧ ಹೇಳುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನ್ನಿಷ್ಟ. ಆ ಬಾಗಿಲು ನಾನೇ ಮಾಡಿದ್ದು, ಎಷ್ಟು ಗಟ್ಟಿ ಎಂದು ನನಗೆ ಗೊತ್ತು.

ನಿನ್ನ ಹೆಂಡತಿ ನೂರು ಕಾಲ ನಗುನಗುತ್ತ ಬಾಳಲಿ. ಪುಟ್ಟಿ ನಿನ್ನ ಕಾಲನ್ನೂ ತನ್ನ ತಾಯಿಯ ಬುದ್ಧಿಯನ್ನೂ ಪಡೆದು ಬೆಳೆಯಲಿ. ನೀನು ರಿಪೇರಿ ಮಾಡಿದ ಲಿಫ್ಟುಗಳಲ್ಲಿ ಹತ್ತಿದವರೆಲ್ಲ ಸುಖವಾಗಿ ಇಳಿಯಲಿ.

ಇಂತು,
ನಿನ್ನ ಅಣ್ಣ

ತಾ.ಕ.: ಕಾಗದ ಅಂಟಿಸುವ ಮುಂಚೆ ಇನ್ನೊಂದು ಮಾತು. ಇದನ್ನು ಹೇಳದಿದ್ದರೆ ಮೇಲೆ ಬರೆದದ್ದೆಲ್ಲ ಅರ್ಧ ಸುಳ್ಳೇ. ಬಕೆಟ್ಟಿನ ತಪ್ಪನ್ನು ಕ್ಲಬ್ಬಿನ ತಲೆಗೂ ಸ್ವಲ್ಪ ಹಂಚಬಹುದು. ಇದು ನನ್ನೊಬ್ಬನದು. ಆ ಕನ್ನಡಕದವರು ಮೋಸಹೋಗಿರಲಿಲ್ಲ. ಹತ್ತು ದಿನದ ಮೇಲೆ ನಿನ್ನ ಹೆಸರಿಗೆ ಅವರ ಕಾಗದ ಬಂತು, ನೀನು ಮನೆಯಲ್ಲಿರಲಿಲ್ಲ, ನಾನು ಒಡೆದೆ. 'ನಿಮ್ಮ ಒಂಬತ್ತನೇ ನಂಬರಿನವನು ನಮಗೆ ಬೇಡ. ಮೂರನೇ ನಂಬರಿನ ಅಂಗಿ ಹಾಕಿದ್ದ ನೀವು ಬನ್ನಿ, ನನಗೆ ಕೊಡೆ ಹಿಡಿದು ತಾವು ನೆನೆದವರು' ಎಂದಿತ್ತು. ಇಪ್ಪತ್ತೆರಡು ವರ್ಷ ಅದು ನನ್ನ ಉಳಿಯ ಪೆಟ್ಟಿಗೆಯ ತಳದಲ್ಲಿತ್ತು, ಈಗ ಇದರೊಳಗೆ ಮಡಚಿಟ್ಟಿದ್ದೇನೆ. ಅಪ್ಪ ತೀರಿಕೊಂಡು ಆಗ ಒಂದು ವಾರವೂ ಆಗಿರಲಿಲ್ಲ, ನೀನೂ ಹೋದರೆ ಆ ಮನೆಯಲ್ಲಿ ಇರುವ ಧೈರ್ಯ ನನಗಿರಲಿಲ್ಲ. ಅವರಿಗೆ ಉತ್ತರ ಬರೆದೆ: 'ಬರಲು ನನಗೆ ಇಷ್ಟವಿಲ್ಲ.' ಕೆಳಗೆ ನಿನ್ನ ಸಹಿ ನಾನು ಹಾಕಿದೆ.