ಮೂಲೆ ಮಡಿಚಿದ ಕಾರ್ಡು

ಹಾಸನ, ೧೪ ಜೂನ್ ೧೯೪೨, ಭಾನುವಾರ

ಸ್ನಾನ, ಪೂಜೆ, ಉಪ್ಪಿಟ್ಟು. ಆಮೇಲೆ ಕಾರ್ಡು. ಮೈಸೂರಿನ ಪ್ರೆಸ್ಸಿನಿಂದ ಬಂದ ಡಬ್ಬಿಯನ್ನು ಇವತ್ತೂ ತೆಗೆದು ನೋಡಿದೆ. ಏನು ಕಾಗದ, ಏನು ಅಚ್ಚು! "ಬಿ. ಚಂದ್ರಶೇಖರಯ್ಯ, ಬಿ.ಎ., ಬಿ.ಎಲ್., ಅಡ್ವೊಕೇಟ್, ಹಾಸನ." ಬೆರಳಾಡಿಸಿದರೆ ಅಕ್ಷರ ಉಬ್ಬಿರುವುದು ತಿಳಿಯುತ್ತದೆ. ವಿಸಿಟಿಂಗ್ ಕಾರ್ಡು ಇಲ್ಲದ ವಕೀಲ ಒಬ್ಬ ವಕೀಲನೇ? ಈ ಊರಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೆ.

ಗಂಗಾಂಬಿಕೆ ಒಂದನ್ನು ಎತ್ತಿಕೊಂಡು ಬೀರುವಿನ ಕಾಲಿಗೆ ಕೊಟ್ಟಿದ್ದಾಳೆ. ಅಲ್ಲಾಡುತ್ತಿತ್ತಂತೆ. ಕೂಗಾಡಿದೆ. "ನಿಮ್ಮ ಹೆಸರಿನ ಬಲ ನೋಡ್ರೀ, ಈಗ ಒಂಚೂರೂ ಅಲ್ಲಾಡಲ್ಲ" ಅಂದಳು. ಹೆಂಡತಿ, ಅದರಲ್ಲೂ ನಾಲ್ಕು ತಿಂಗಳ ಬಸುರಿ. ಎಷ್ಟು ಬೈಯುವುದು?

ಹಳೇಕೋಟೆಯ ಕಕ್ಷಿಗಾರ ಲಕ್ಕಣ್ಣನಿಗೆ ಒಂದು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟ. "ನಿಮ್ ಮನೆ ನಂಗೊತ್ತಲ್ಲಾ ಸಾ, ಇದ್ನೇನ್ ಮಾಡ್ಲಿ?" ಕರ್ಮ.

೧೮ ಜೂನ್, ಸಂಜೆ

ಹೊಸದಾಗಿ ವರ್ಗವಾಗಿ ಬಂದಿರುವ ಪೊಲೀಸ್ ಇನ್ಸ್‌ಪೆಕ್ಟರ್ ಬೀರಲಿಂಗಯ್ಯನವರ ಮನೆಗೆ ಹೋಗಿದ್ದೆ. ಮೊದಲು ಒಳಗೆ ಕಾರ್ಡು ಕಳಿಸಿದೆ. ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದರು. ಬಲು ಆಸಕ್ತಿ ಮನುಷ್ಯನಿಗೆ. ಪದ್ಧತಿಯನ್ನೆಲ್ಲ ವಿವರಿಸಿದೆ — ಯಜಮಾನರು ಮನೆಯಲ್ಲಿಲ್ಲದಿದ್ದರೆ ಕಾರ್ಡಿನ ಒಂದು ಮೂಲೆ ಮಡಿಚಿ ಬಿಟ್ಟು ಬರಬೇಕು. ಆಳಿನ ಕೈಲಿ ಕಳಿಸಿದ್ದಲ್ಲ, ಸ್ವತಃ ಬಂದಿದ್ದೆ ಎಂದು ಅರ್ಥ.

"ಅಂಗಾದ್ರೆ ಮೂಲೆ ಮಡಿಚಿತ್ತು ಅಂದ್ರೆ ಆಸಾಮಿ ಖುದ್ದಾಗಿ ಬಂದಿದ್ದ ಅನ್ನಿ!"

"ಖಂಡಿತ. ಈ ಜಿಲ್ಲೆಯಲ್ಲಿ ಹಾಗೆ ಮಾಡುವವನು ನಾನೊಬ್ಬನೇ" ಎಂದೆ. ಸುಳ್ಳಲ್ಲವಲ್ಲ.

ತಾವೂ ಮಾಡಿಸುತ್ತಾರಂತೆ. ಪ್ರೆಸ್ಸಿನ ವಿಳಾಸ ಬರೆದುಕೊಂಡರು. ಕಾಫಿ ಚೆನ್ನಾಗಿತ್ತು.

೨೦ ಜುಲೈ, ಹೊಳೆನರಸೀಪುರ, ಬಸ್ಸಿಗೆ ಕಾಯುತ್ತ

ಇಲ್ಲಿನ ಕೋರ್ಟಿನಲ್ಲಿ ವಾಯಿದೆ ಸಿಕ್ಕಿತು, ಬೇಗ ಬಿಡುವಾಯಿತು. ಪಾಲಾಕ್ಷನ ಮನೆಗೆ ಹೋದೆ. ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆ ನಮ್ಮದು. ಈಗ ಇಲ್ಲಿ ಮೇಷ್ಟ್ರು. ಖಾದಿ ಹಾಕುತ್ತಾನೆ, ಸಂಬಳ ಬಂದ ದಿನವೇ ಯಾರಿಗೋ ಕೊಟ್ಟು ಕೂರುತ್ತಾನೆ. ಶಾಲೆಗೆ ಹೋಗಿದ್ದ. ಅವನ ತಾಯಿ ಗುರುಸಿದ್ದಮ್ಮನವರು ಜಗುಲಿಯಲ್ಲಿ ರಾಗಿ ಕೇರುತ್ತಿದ್ದರು. ಮೂಲೆ ಮಡಿಚಿ ಕಾರ್ಡು ಕೊಟ್ಟೆ.

"ಇದೇನಪ್ಪಾ ಶೇಖರಾ, ಲಗ್ನಪತ್ರಿಕೇನಾ? ನಿಂಗಾಗ್ಲೇ ಮದ್ವೆ ಆಗೈತಲ್ಲಾ!"

ನನ್ನ ಹೆಸರು, ನಾನು ಬಂದಿದ್ದೆ ಎಂದು ಪಾಲಾಕ್ಷನಿಗೆ ತಿಳಿಯಲಿ ಎಂದು — ಎಂದೆ.

"ಅಚ್ಚಾಕ್ಸಿದ್ ಕಾಗ್ದ ಮನೆಗ್ ಬಂದ್ರೆ ಬರೀದಾಗಿ ಇಕ್ಬಾರ್ದು ಕಣಪ್ಪಾ" ಎಂದು ಒಳಗೆ ಹೋಗಿ ಬೆರಳನ್ನು ಅರಿಶಿನದಲ್ಲಿ ಅದ್ದಿಕೊಂಡು ಬಂದರು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ನಾಲ್ಕು ಮೂಲೆಗೂ ಬಳಿದಾಯಿತು. ಉಬ್ಬಚ್ಚಿನ ಕಾರ್ಡು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಣ್ಣಿಗೊತ್ತಿಕೊಂಡು ದೇವರ ಪಟದ ಹಿಂದೆ ಸಿಕ್ಕಿಸಿದರು. ಬಸ್ಸು ಬಂತು.

೧೩ ಆಗಸ್ಟ್

ಬೊಂಬಾಯಿಯಲ್ಲಿ ಚಳವಳಿಯ ದೊಡ್ಡವರನ್ನೆಲ್ಲ ಹಿಡಿದು ಹಾಕಿದ ಮೇಲೆ ಇಲ್ಲೂ ಊರು ಕಾದ ಹೆಂಚು. ಅಂಗಡಿ ಮುಚ್ಚಿವೆ. ಹುಡುಗರ ಮೆರವಣಿಗೆ, ಲಾಠಿ. ಪಕ್ಕದ ಬೀದಿಯ ವಕೀಲರೊಬ್ಬರನ್ನು ಊಟದ ಎಲೆಯ ಮುಂದಿನಿಂದ ಎಬ್ಬಿಸಿಕೊಂಡು ಹೋದರು. ನಾನು ಮನೆಯಲ್ಲೇ ಇದ್ದೇನೆ. ಕಿಟಕಿಯನ್ನೂ ತೆಗೆದಿಲ್ಲ. ಅವರವರ ದೇಶಭಕ್ತಿ ಅವರವರಿಗೆ, ನನಗೆ ಸಂಸಾರವಿದೆ.

೨ ಸೆಪ್ಟೆಂಬರ್

ಚನ್ನರಾಯಪಟ್ಟಣದ ರಸ್ತೆಯಲ್ಲಿ, ಶಾಂತಿಗ್ರಾಮದಿಂದಾಚೆ, ಟೆಲಿಗ್ರಾಫ್ ತಂತಿ ಕತ್ತರಿಸಿದ್ದಾರೆ. ಕಂಬಗಳನ್ನೂ ಉರುಳಿಸಿದ್ದಾರೆ. ಯಾರೆಂದು ಗೊತ್ತಿಲ್ಲ. ಯಾರಾದರೇನು. ಗುಮಾಸ್ತ ಗುಂಡಯ್ಯ ಆ ಮಾತು ಎತ್ತಿದ, ಬಾಯಿ ಮುಚ್ಚಿಸಿದೆ.

೪ ಸೆಪ್ಟೆಂಬರ್, ಶುಕ್ರವಾರ, ಸಂಜೆ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಸ್ಟೇಷನ್ನಿಗೆ ಕರೆಸಿದ್ದರು. ಯಾವುದೋ ಕೇಸಿಗಿರಬೇಕೆಂದು ಕೋಟು ಹಾಕಿಕೊಂಡೇ ಹೋದೆ. ಬೀರಲಿಂಗಯ್ಯನವರು ಕುರ್ಚಿ ತೋರಿಸಿದರು. ಮೇಜಿನ ಮೇಲೆ ನನ್ನ ಕಾರ್ಡು. ಕೆಸರು ಮೆತ್ತಿದೆ. ನೆಂದು ಒಣಗಿದೆ. ಮೂಲೆ ಮಡಿಚಿದೆ.

"ಉರುಳಿದ್ ಕಂಬದ್ ಬುಡದಾಗ್ ಸಿಕ್ತು ಲಾಯರೇ. ನೀವೇ ಯೋಳ್ಕೊಟ್ರಲ್ಲಾ — ಮೂಲೆ ಮಡಿಚಿದ್ರೆ ಖುದ್ದಾಗ್ ಬಂದಂಗೆ ಅಂತ."

ಯಾರ್ಯಾರಿಗೋ ಕೊಟ್ಟಿದ್ದೇನೆ ಎಂದೆ.

"ಕೊಟ್ಟಿದ್ದಲ್ಲ, ಮಡಿಚಿ ಬುಟ್ ಬಂದಿದ್ದು. ಅಂಗ್ ಮಾಡೋನು ಜಿಲ್ಲೇಲಿ ನಾನೊಬ್ನೇ ಅಂದ್ರಲ್ಲಾ. ಯಾರ್ ಮನೇಲಿ ಬುಟ್ ಬಂದ್ರಿ, ಯೋಚ್ನೆ ಮಾಡಿ. ಸೋಮ್ವಾರ ಬಂದು ಹೆಸ್ರು ಯೋಳಿ. ಇಲ್ದಿದ್ರೆ ನೀವೇ ಬಂದಿದ್ರಿ ಅಂತ ಬರ್ಕತೀನಿ." ನಗುತ್ತಲೇ ಹೇಳಿದರು. ಕಾಫಿ ತರಿಸಿದರು. ಕುಡಿಯಲಾಗಲಿಲ್ಲ.

ಮೂಲೆಗಳಲ್ಲಿ ಹಳದಿ ಇತ್ತು. ಅವರು ಅದನ್ನು ಕೆಸರೆಂದುಕೊಂಡಿದ್ದಾರೆ. ನಾನು ನೋಡಿದ ಕೂಡಲೇ ಗುರುತು ಹಿಡಿದೆ. ಅರಿಶಿನ.

ಪಾಲಾಕ್ಷ. ಅಯ್ಯೋ ಪುಣ್ಯಾತ್ಮ, ತಂತಿ ಕತ್ತರಿಸುವುದಕ್ಕೆ ಹೋಗುವವರು ಜೇಬಿನಲ್ಲಿ ನನ್ನ ಹೆಸರು ಇಟ್ಟುಕೊಂಡು ಹೋಗುತ್ತಾರೇನೋ!

೫ ಸೆಪ್ಟೆಂಬರ್

ಬೀದಿಯಲ್ಲಿ ಬೂಟಿನ ಸದ್ದಾದರೆ ಎದ್ದು ಹೋಗಿ ಕಿಟಕಿಯ ಸಂದಿಯಲ್ಲಿ ಇಣುಕುತ್ತೇನೆ. ಅಂಚೆಯವನ ಬೂಟೂ ಪೊಲೀಸಿನವನ ಬೂಟೂ ಒಂದೇ ಥರ ಕೇಳಿಸುತ್ತದೆಂದು ಇವತ್ತು ಗೊತ್ತಾಯಿತು.

ಮೂಲೆ ಮಡಿಚಿ ಬಿಟ್ಟು ಬಂದದ್ದು ಹೆಚ್ಚೆಂದರೆ ಮೂರು ಮನೆ. ಇನ್ನೆರಡು ದೊಡ್ಡ ಅಧಿಕಾರಿಗಳ ಬಂಗಲೆ. ಅಲ್ಲಿ ಬಿಟ್ಟ ಕಾರ್ಡು ಅವರ ಮೇಜಿನ ಮೇಲೆಯೇ ಇದ್ದೀತು, ಒಂದು ಗಳಿಗೆಯಲ್ಲಿ ವಿಚಾರಿಸುತ್ತಾರೆ. ಉಳಿಯುವುದು ಒಂದೇ. ನೆನಪಿಲ್ಲ ಎಂದರೆ ನನ್ನ ಮೇಲೆ ಬರುತ್ತದೆ. ಡಿಫೆನ್ಸ್ ಆಫ್ ಇಂಡಿಯಾ ರೂಲ್ಸ್. ವಿಚಾರಣೆಯೂ ಬೇಡ, ಒಳಗೆ ಹಾಕಬಹುದು. ವಕೀಲಿಯ ಸನ್ನದು ಹೋಗುತ್ತದೆ. ಗಂಗಾಗೆ ಈಗ ಏಳು ತಿಂಗಳು.

ಅವಳಿಗೆ ಹೇಳಿಬಿಟ್ಟೆ. ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅವರ ಹೆಸರು ಹೇಳ್ತೀರಾ?"

"ಹೇಳದೆ?"

ಅವಳು ಸೊಪ್ಪು ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಹೇಳುತ್ತೇನೆ. ಯಾಕೆ ಹೇಳಬಾರದು? ಮಾಡಿದವನು ಅವನು. ಮಾಡಿದ್ದುಣ್ಣೋ ಮಹರಾಯ. ನಾನು ಹೇಡಿಯಾದರೆ ಹೇಡಿ. ಹೇಡಿಗೂ ಹೆಂಡತಿ ಮಕ್ಕಳಿರುತ್ತಾರೆ.

೬ ಸೆಪ್ಟೆಂಬರ್, ಭಾನುವಾರ

ಬಾಗಿಲು ತಟ್ಟಿದ ಸದ್ದಿಗೆ ಬೆವೆತುಹೋದೆ. ತೆಗೆದರೆ ಗುರುಸಿದ್ದಮ್ಮನವರು. ಹೊಳೆನರಸೀಪುರದಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದಾರೆ. ಸೀರೆಯೆಲ್ಲ ಧೂಳು. ಮಗ ಮನೆ ಬಿಟ್ಟು ವಾರವಾಯಿತು, ಸುದ್ದಿಯಿಲ್ಲ. ನನಗೆ ಗೊತ್ತಿಲ್ಲ ಎಂದೆ. ಮುಖ ನೋಡಿ ಹೇಳಲಾಗಲಿಲ್ಲ, ಬೀರು ನೋಡಿಕೊಂಡು ಹೇಳಿದೆ.

ಗಂಗಾ ಕೊಟ್ಟ ಮಜ್ಜಿಗೆ ಕುಡಿದು ಸ್ವಲ್ಪ ಸುಧಾರಿಸಿಕೊಂಡರು.

"ನಂಗೇನ್ ಭಯ ಇಲ್ಲ ಕಣವ್ವಾ. ಓಗೋವಾಗ ನಾನೇ ಅವ್ನ ಜೇಬ್ನಾಗೆ ಶೇಖರನ ಕಾಗ್ದ ಇಕ್ಕಿವ್ನಿ. ಅವ್ನು ಬ್ಯಾಡ ಬ್ಯಾಡ, ಶೇಖರಂಗೆ ತೊಂದ್ರೆ ಆಯ್ತದೆ ಅಂತ ತಗ್ದಾಕ್ದ. ನಾನ್ ಕೇಳ್ತೀನಾ? ಅಂಗಿ ಒಗ್ದು ಮಡ್ಚೋವಾಗ, ಗೊತ್ತಾಗ್ದಂಗೆ ಒಳ್ಜೇಬಿಗಿಕ್ದೆ. ಎಲ್ಲಾರಾ ಬಿದ್ರೆ ಎದ್ರೆ, ಯಾರಾರಾ ಇಡ್ಕಂಡ್ರೆ, ಇವ್ನು ಲಾಯರ್ ಕಡೆಯೋನು ಅಂತ ಗೊತ್ತಾಗ್ಲಿ ಅಂತ."

ಗಂಗಾ ನನ್ನ ಕಡೆ ನೋಡಲಿಲ್ಲ. ನಾನು ಹಿತ್ತಿಲಿಗೆ ಹೋಗಿ ನಿಂತೆ. ಅಳು ಬಂತು. ಬರೆಯಲು ನಾಚಿಕೆಯೇನು, ಅತ್ತುಬಿಟ್ಟೆ.

ಅಂದರೆ ಅವನು ಇಟ್ಟುಕೊಂಡಿರಲಿಲ್ಲ. ಬೇಡವೆಂದಿದ್ದ. ನನಗೆ ತೊಂದರೆಯಾಗುತ್ತದೆಂದು ಬೇಡವೆಂದಿದ್ದ. ನಾನು ಮಾತ್ರ ಎರಡು ದಿನದಿಂದ ಅವನ ಹೆಸರನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಕೂತಿದ್ದೇನೆ.

ಮಧ್ಯಾಹ್ನದ ಬಸ್ಸಿಗೆ ಅವರನ್ನು ಹತ್ತಿಸಿದೆ. "ನೀನಿದ್ದೀಯಲ್ಲಪ್ಪಾ" ಅಂದರು. ಹೂಂ ಅಂದೆ.

೭ ಸೆಪ್ಟೆಂಬರ್, ಸೋಮವಾರ, ಬೆಳಿಗ್ಗೆ

ಕಾನ್‌ಸ್ಟೇಬಲ್ ಬೋರಪ್ಪ ಬಂದಿದ್ದಾನೆ. ಜಗುಲಿಯಲ್ಲಿ ಕೂತಿದ್ದಾನೆ. ಒಂದು ಕಾರ್ಡು ತಂದುಕೊಟ್ಟ — ಇನ್ಸ್‌ಪೆಕ್ಟರದು. ಅದೇ ಪ್ರೆಸ್ಸು, ಅದೇ ಉಬ್ಬಚ್ಚು. ಮೂಲೆ ಮಡಿಚಿಲ್ಲ.

"ಏನು ಹೇಳಿದ್ರಪ್ಪ?" ಎಂದೆ.

"ಹತ್ ಗಂಟೆಗೆ ಬರ್ಬೇಕಂತೆ ಸಾ. ಬರ್ನಿಲ್ಲ ಅಂದ್ರೆ ಮೂಲೆ ಮಡಿಚ್ಕಂಡು ಅವ್ರೇ ಬತ್ತಾರಂತೆ. ಅದೇನ್ ಅಂಗಂದ್ರೋ ನಂಗ್ ತಿಳೀನಿಲ್ಲ, ಅಂಗೇ ಯೋಳು ಅಂದ್ರು." ಪಾಪ, ಅವನಿಗೆ ಗಂಗಾ ಕಾಫಿ ಕೊಟ್ಟಿದ್ದಾಳೆ.

ಧೈರ್ಯ ಬಂದಿದೆ ಎಂದು ಬರೆದರೆ ಸುಳ್ಳಾದೀತು. ಬಂದಿಲ್ಲ. ಬರುವ ಲಕ್ಷಣವೂ ಇಲ್ಲ.

ಗಂಗಾ ಕೋಟು ತಂದುಕೊಟ್ಟಳು. ಜೊತೆಗೆ ಒಂದು ಕಂಬಳಿ, ಸುತ್ತಿ ಕಟ್ಟಿದ್ದು. ನಾನು ಏನೂ ಹೇಳಿರಲಿಲ್ಲ.

"ಅಲ್ಲಿ ಚಳಿ ಇರುತ್ತಂತೆ" ಅಂದಳು. ಅಷ್ಟೇ ಅಂದಳು. ಕಣ್ಣು ಕೆಂಪಾಗಿತ್ತು. ಅವಳ ತವರಿಗೆ, ಅರಕಲಗೂಡಿಗೆ, ಹೇಳಿ ಕಳಿಸಲು ಗುಂಡಯ್ಯನಿಗೆ ತಿಳಿಸಿದ್ದೇನೆ. ಅವಳ ಅಣ್ಣ ಬಂದು ಕರೆದುಕೊಂಡು ಹೋಗಲಿ.

ಡಬ್ಬಿಯಿಂದ ಒಂದು ಕಾರ್ಡು ತೆಗೆದೆ. ಮೂಲೆ ಮಡಿಚಿದೆ. ಸೊಟ್ಟಗಾಯಿತು, ಇರಲಿ. ಇದನ್ನು ಅವರ ಮೇಜಿನ ಮೇಲೆ, ಆ ಕೆಸರಿನದರ ಪಕ್ಕದಲ್ಲಿ ಇಡುತ್ತೇನೆ. ಹೇಳಬೇಕಾದ್ದು ಒಂದೇ ಮಾತು. ಗಳಿಗೆಗೊಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೇನೆ, ಅಲ್ಲಿ ಹೋದ ಮೇಲೆ ನಾಲಿಗೆ ಕೈ ಕೊಡಬಾರದಲ್ಲ: ಸ್ವಾಮಿ, ನಾನೇ ಹೇಳಿಕೊಟ್ಟ ಪದ್ಧತಿ, ಮೂಲೆ ಮಡಿಚಿದೆ, ಆದ್ದರಿಂದ ಆ ಕಂಬದ ಹತ್ತಿರ ಖುದ್ದಾಗಿ ಬಂದಿದ್ದವನು —